‘ಶರಪಂಜರ’ದ ಕಾವೇರಿ: ಹದಿನಾರಿನಲ್ಲಿ ಕೇಳಿದ ಒಂದು ಪ್ರಶ್ನೆ

ಹದಿನಾರು ಗ್ರಾಮದಲ್ಲಿ ನಾವು ಕೆಲವರು ಸೇರಿ ತ್ರಿವೇಣಿಯವರ ‘ಶರಪಂಜರ’ವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದೆವು. ಕೇಳಲು ಬರುತ್ತಿದ್ದವರಲ್ಲಿ ಅಕ್ಷರ ಬಾರದ ವೃದ್ಧೆಯೊಬ್ಬರಿದ್ದರು. ಕಾವೇರಿಯು ಆಸ್ಪತ್ರೆಯಲ್ಲಿ ಗುಣ ಹೊಂದಿದ ಸಂಗತಿಯನ್ನು ಕೇಳಿ ನಾವೆಲ್ಲರೂ ಸಮಾಧಾನದ ಉಸಿರುಬಿಟ್ಟಾಗ ಅವರೊಬ್ಬರು ಮಾತ್ರ, “ಅದೆಲ್ಲಾ ಸರಿ ಕಣಪ್ಪ, ಆ ಹೆಣ್ಣ ಆಸ್ಪತ್ರೆಗೆ ಕರ್ಕಂಡು ಹೋದೋರು ಯಾರು?” ಎಂದು ಕೇಳಿದರು. ಈ ಕಾದಂಬರಿಯನ್ನು ಕುರಿತು ಮನಶ್ಶಾಸ್ತ್ರದ ದೃಷ್ಟಿಯಿಂದ ನಾವು ಬಹಳ ಚರ್ಚಿಸಿದ್ದೆವು. ಈ ಪ್ರಶ್ನೆ ಮಾತ್ರ ನಮಗಾರಿಗೂ ಹೊಳೆದಿರಲಿಲ್ಲ.

ಕಥೆಯು ವಾಚಕರಿಗೆ ಪರಿಚಿತವಾದುದೇ. ಎರಡನೆಯ ಹೆರಿಗೆಯ ತರುವಾಯ ಕಾವೇರಿಗೆ ಬುದ್ಧಿಭ್ರಮಣೆಯಾಗುತ್ತದೆ. ಚಿಕಿತ್ಸೆಯಿಂದ ಆಕೆ ಪೂರ್ಣವಾಗಿ ಚೇತರಿಸಿಕೊಂಡು ಮನೆಗೆ ಬರುತ್ತಾಳೆ. ಆದರೆ ಮನೆಯು ಆಕೆಯನ್ನು ಗುಣವಾದವಳೆಂದು ಒಪ್ಪುವುದಿಲ್ಲ. ನಕ್ಕರೆ ಶಂಕೆ, ಅತ್ತರೆ ಶಂಕೆ. ಗಂಡ ಸತೀಶನು ಆಕೆಯಿಂದ ದೂರವಾಗಿ ಬೇರೊಬ್ಬಳನ್ನು ಆಶ್ರಯಿಸಿರುತ್ತಾನೆ. ಕಡೆಗೆ ಆಕೆ ಮರಳಿ ಅದೇ ಸ್ಥಿತಿಗೆ ತಳ್ಳಲ್ಪಡುತ್ತಾಳೆ. ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ್ದ ಗ್ರಂಥಕರ್ತ್ರಿಯು ಬಾಣಂತಿಯ ಮನೋರೋಗವನ್ನು ದೆವ್ವದ ಕಾಟವೆನ್ನದೆ, ಪಾಪದ ಫಲವೆನ್ನದೆ, ಗುಣವಾಗತಕ್ಕ ಒಂದು ವ್ಯಾಧಿಯೆಂದು ಕನ್ನಡದಲ್ಲಿ ನಿರೂಪಿಸಿದುದು ಸಾಮಾನ್ಯ ಸಾಹಸವಲ್ಲ.

ಆದರೂ ವೃದ್ಧೆಯ ಪ್ರಶ್ನೆಯು ಈ ಕೃತಿಯ ಒಂದು ಮಿತಿಯನ್ನು ಮುಟ್ಟುತ್ತದೆ. ಕಾವೇರಿಯದು ಆಸ್ಪತ್ರೆಯ ವೆಚ್ಚಕ್ಕೆ ಅಂಜಬೇಕಾದ ಮನೆಯಲ್ಲ. ಹೋಗುವುದು ಅಲ್ಲಿ ಸಮಸ್ಯೆಯೇ ಅಲ್ಲ; ಹಿಂದಿರುಗುವುದೇ ಸಮಸ್ಯೆ. ನಮ್ಮ ಕಡೆಯ ಹೆಂಗಸಿಗಾದರೋ ಹೋಗುವುದೇ ದೊಡ್ಡ ಕಾಂಡ. ಹದಿನಾರಿನಿಂದ ನಂಜನಗೂಡು ದೂರವಲ್ಲ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಾದರೂ ಹಗಲೊಳಗೆ ಹೋಗಿಬರುವಷ್ಟು ದೂರದಲ್ಲಿದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ದೆಸೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಬೇಡ. ಹಾಗಿದ್ದರೂ ಹಸುವಿಗೆ ಹುಲ್ಲು ಹಾಕುವವರಾರು, ಮಕ್ಕಳಿಗೆ ಅನ್ನ ಬೇಯಿಸುವವರಾರು, ಜೊತೆಗೆ ಬರುವವರಾರು, ಹೋಗೆಂದು ಹೇಳುವವರಾರು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹೆಂಗಸರನ್ನು ಕೇಳುವ ಪ್ರಶ್ನೆಗಳಲ್ಲಿ, ವೈದ್ಯರ ಬಳಿಗೆ ಹೋಗಲು ಅಪ್ಪಣೆ ದೊರೆಯುವುದು ಕಷ್ಟವೇ, ಒಬ್ಬಳೇ ಹೋಗಲು ಸಂಕೋಚವೇ ಎಂಬುವೂ ಸೇರಿವೆ. ಗಂಡಸಿಗೆ ಅಪ್ಪಣೆಯ ಮಾತನ್ನು ಯಾರು ಕೇಳಿಯಾರು!

ಅದೇ ಸಮೀಕ್ಷೆಯ 2019–21ರ ಲೆಕ್ಕದಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯುಂಟು. ಗಂಡಸರಲ್ಲಿ ಸುಮಾರು 20 ಮಂದಿಗೆ. ಇದಕ್ಕೆ ದೇಹಧರ್ಮವೂ ಒಂದು ಕಾರಣವೆಂಬುದು ನಿಜ. ಆದರೆ ತಲೆಸುತ್ತು, ಆಯಾಸ, ಏದುಸಿರು ಇವೆಲ್ಲವೂ “ಹೆಂಗಸರಿಗೆ ಇದ್ದದ್ದೇ” ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ಹಳ್ಳಿಯ ಹೆಣ್ಣಿನ ರೋಗಕ್ಕೆ ರೋಗವೆಂಬ ಹೆಸರೇ ಸಿಕ್ಕುವುದಿಲ್ಲ. ಕಾವೇರಿಯ ಆರೋಗ್ಯಕ್ಕೆ ಆರೋಗ್ಯವೆಂಬ ಹೆಸರು ಸಿಕ್ಕುವುದಿಲ್ಲ. ಎರಡು ಕಡೆಯಲ್ಲಿಯೂ ಹೆಸರಿಡುವ ಅಧಿಕಾರ ಅನ್ಯರದು. ವೃದ್ಧೆಯ ಪ್ರಶ್ನೆಯನ್ನು ಹಿಡಿದು ಕಾದಂಬರಿಯ ಉತ್ತರಾರ್ಧವನ್ನು ಮತ್ತೊಮ್ಮೆ ಓದಿದಾಗ, ಅದು ಒಬ್ಬಳ ಮನಸ್ಸಿನ ಕಥೆಯೆನ್ನುವುದಕ್ಕಿಂತ ಈ ಅಧಿಕಾರದ ಕಥೆಯಾಗಿ ನನಗೆ ಕಂಡಿತು. ವೈದ್ಯರು ಗುಣವಾಯಿತೆಂದು ಹೇಳಿದ ಮೇಲೆಯೂ ಅಂತಿಮ ತೀರ್ಪು ಮನೆಯವರ ಕೈಯಲ್ಲಿಯೇ ಉಳಿಯುತ್ತದೆ. ಪೂರ್ವಾರ್ಧದ ಮಿತಿಯನ್ನು ಉತ್ತರಾರ್ಧವು ಬಹುಮಟ್ಟಿಗೆ ತುಂಬಿಕೊಡುತ್ತದೆಂದೇ ನನ್ನ ಅಭಿಪ್ರಾಯ.

1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲಚ್ಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯವು ಶ್ಲಾಘ್ಯವೇ ಸರಿ; ಆದರೆ ಜನರ ನೆನಪಿನಲ್ಲಿ ಉಳಿದುದು ಹುಚ್ಚಿನ ದೃಶ್ಯಗಳು. ಗುಣವಾಗಿ ಬಂದವಳು ತನ್ನ ಮನೆಯಲ್ಲಿಯೇ ಪರಕೀಯಳಾಗಿ ಕಳೆದ ದಿನಗಳು ಅಷ್ಟಾಗಿ ಉಳಿಯಲಿಲ್ಲ.

ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮುನ್ನವೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕೆಲವರು ಇದನ್ನು ಕಾದಂಬರಿಯೊಡನೆ ಬೆಸೆದು ವಿಧಿವಿಲಾಸವೆಂದು ಬರೆಯುವುದುಂಟು. ನನಗದು ಹಿತವಾಗಿ ತೋರುವುದಿಲ್ಲ. ವಿಧಿಯೆಂದೊಡನೆ ಬಾಣಂತಿಯ ಮರಣದಲ್ಲಿ ವಿಚಾರಿಸಬೇಕಾದುದು ಏನೂ ಉಳಿಯದು. ಅಂತಹ ಮಾತನ್ನು ಆಕೆಯ ಬರವಣಿಗೆಯೇ ಒಪ್ಪುವುದಿಲ್ಲ.

ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು (1934–1991) ಬೇರೊಂದು ದಾರಿಯನ್ನು ಹಿಡಿದರು. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಮೊದಲಾದ ಪುಸ್ತಕಗಳಲ್ಲಿ ಹೆಣ್ಣಿಗೆ ತನ್ನ ದೇಹದ ವಿಚಾರವನ್ನು ನೇರವಾಗಿ ತಿಳಿಸಿದರು. ಸಾಹಿತ್ಯದ ಚರ್ಚೆಯಲ್ಲಿ ಇಂತಹ ಪುಸ್ತಕಗಳನ್ನು ನಾವು ಪಕ್ಕಕ್ಕಿಡುವುದು ರೂಢಿ. ಅದು ಸರಿಯಾದ ರೂಢಿಯಲ್ಲ. ಆದರೆ ಇವನ್ನು ಹೆಂಗಸರು ಮಾತ್ರವೇ ಓದಿದರೆ ಅಪ್ಪಣೆ ಕೊಡತಕ್ಕವರಿಗೆ ವಿಷಯ ತಿಳಿಯುವುದೆಂತು?

ಮುಂದಿನ ಸಲದ ಓದಿಗೆಂದು ‘ತಾಯಿ-ಮಗು’ವನ್ನು ತರಿಸಿದ್ದೇವೆ. ಆ ವೃದ್ಧೆಯು ಸೊಸೆಯನ್ನು ಕರೆತರುವುದಾಗಿ ಹೇಳಿದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಮಗನನ್ನೂ ಕರೆತರುವೆನೆಂದರು.