ಕನ್ನಡದ ಕೀರ್ತನೆಗಳಲ್ಲಿ ಬಲವೂ ಸಮಾಧಾನವೂ

ಕ್ರೈಸ್ತರ ಸತ್ಯವೇದದಲ್ಲಿ 150 ಪದ್ಯಗಳ ಒಂದು ಸಂಕಲನವುಂಟು. ಮರಾಠಿಯಲ್ಲಿ ಅದರ ಹೆಸರು 'ಸ್ತೋತ್ರಸಂಹಿತಾ', ಕನ್ನಡದಲ್ಲಿ 'ಕೀರ್ತನೆಗಳು'. ಖಾನಾಪುರದ ಸೀಮೆಯಲ್ಲಿ ಮನೆಯೊಳಗೆ ಕೊಂಕಣಿಯನ್ನೂ ಸಂತೆಯಲ್ಲಿ ಮರಾಠಿಯನ್ನೂ ಕಚೇರಿಯಲ್ಲಿ ಕನ್ನಡವನ್ನೂ ಆಡುವ ಕ್ರೈಸ್ತ ಕುಟುಂಬಕ್ಕೆ ಈ ಎರಡು ಹೆಸರುಗಳೂ ಕಿವಿಗೆ ಬೀಳತಕ್ಕವೇ. ಹೆಸರಿನ ಭೇದವು ಅಲ್ಪವೆಂದು ತೋರಬಹುದು. ಆದರೆ ಅರ್ಥದಲ್ಲಿ ಅಲ್ಪವಲ್ಲ. ಸ್ತೋತ್ರವೆಂದರೆ ಹೊಗಳಿಕೆ. ಕೀರ್ತನೆಯೆಂದೊಡನೆ ಕನ್ನಡಿಗನ ನೆನಪಿಗೆ ಬರುವವರು ಪುರಂದರದಾಸರು, ಕನಕದಾಸರು. ಅವರು ದೇವರನ್ನು ಹೊಗಳಿದಂತೆಯೇ ದೇವರೊಡನೆ ಮುನಿದರು, ವಾದಿಸಿದರು, ನಿಂದಾಸ್ತುತಿಯೆಂಬ ಒಂದು ಪದ್ಧತಿಯನ್ನೇ ಬೆಳೆಯಿಸಿದರು. ಇಬ್ರಿಯ ಸಂಕಲನದ ಸುಮಾರು ಮೂರನೆಯ ಒಂದು ಭಾಗವು ಮೊರೆಯೂ ದೂರೂ ಆಗಿರುವದರಿಂದ ಕನ್ನಡದ ಹೆಸರೇ ಆ ಗ್ರಂಥದ ಸ್ವಭಾವಕ್ಕೆ ಹೆಚ್ಚು ಒಪ್ಪುವದೆನ್ನಬೇಕು.

ಈ ಗ್ರಂಥವು ಕನ್ನಡಕ್ಕೆ ಬಂದ ಕಾಲವು ಮಾತ್ರ ಸಂದೇಹಕ್ಕೆ ಎಡೆಗೊಡುವಂಥದು. 1818ರಲ್ಲಿ ಮನ್ರೋವಿನ ದಂಡು ಬೆಳಗಾವಿಯ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಎರಡು ವರ್ಷಗಳ ತರುವಾಯ, 1820ರಲ್ಲಿ, ಲಂಡನ್ ಮಿಶನಿನ ಜೋಸೆಫ್ ಟೇಲರರು ಬಳ್ಳಾರಿಯಿಂದ ಈ ಊರಿಗೆ ಬಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರು ಕೈಗೊಂಡಿದ್ದ ಭಾಷಾಂತರವು 1831ರಲ್ಲಿ ಸಮಗ್ರವಾಗಿ ಅಚ್ಚಾಯಿತು. ಅದೇ 1831ರ ಜನವರಿಯಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರವು ಗಲ್ಲಿಗೇರಿಸಿತು. ಗೆದ್ದವರ ಬೆನ್ನ ಹಿಂದೆ ಬಂದ ಧರ್ಮವು ಸೋತವರಿಗೆ ಬಲವನ್ನೂ ಶಾಂತಿಯನ್ನೂ ಕೊಡುವದು ಹೇಗೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕಲಾಗದು. (ಗೋವೆಯ ಕಡೆಯಿಂದ ಬಂದ ಕೊಂಕಣಿ ಕಥೋಲಿಕರ ಕಥೆ ಬೇರೆ, ಅವರ ಧರ್ಮಕ್ಕೂ ಕಂಪನಿಗೂ ನಂಟಿಲ್ಲ.) ಪ್ರಶ್ನೆಗೆ ಉತ್ತರವಿದ್ದರೆ ಅದು ಪಾದ್ರಿಗಳ ಚರಿತ್ರೆಯಲ್ಲಿ ದೊರೆಯದು, ಗ್ರಂಥದಲ್ಲಿಯೇ ದೊರೆಯಬೇಕು. ಬಾಬೆಲಿನ ಹೊಳೆಯ ದಂಡೆಯಲ್ಲಿ ಕುಳಿತು, ಸೆರೆಹಿಡಿದವರೇ ಹಾಡೆಂದಾಗ ಹಾಡಲಾರೆವೆಂದು ಅತ್ತವರ ಪದ್ಯವು 137ನೆಯ ಕೀರ್ತನೆ. ಗೆದ್ದವರು ಹೊತ್ತು ತಂದ ಪುಸ್ತಕದ ಒಡಲಲ್ಲಿ ಸೋತವರ ಹಾಡಿತ್ತು! ತಂದವರೆಲ್ಲರೂ ಇದನ್ನು ಅರಿತಿದ್ದರೋ ಇಲ್ಲವೋ, ಓದಿದವರು ಅರಿಯದಿರಲು ಕಾರಣವಿಲ್ಲ. ದೇವರೇ ಕೋಟೆಯೆಂದು ಮತ್ತೆ ಮತ್ತೆ ಹೇಳುವ ಕವಿಗಳು ಕಲ್ಲಿನ ಕೋಟೆಗಳು ಬಿದ್ದುದನ್ನು ಕಂಡವರು. ಬೆಳಗಾವಿಯವರಿಗೆ ಆ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರೂ ಬಲ್ಲ 23ನೆಯ ಕೀರ್ತನೆಯನ್ನೇ ಪರೀಕ್ಷಿಸಬಹುದು. ಮಂಗಲದಲ್ಲಿಯೂ ಮಣ್ಣಿನಲ್ಲಿಯೂ ಓದಿ ಓದಿ ಅದು ಸವೆದಂತಾಗಿದೆ. ಆದರೆ ಸವೆದುದು ಓದುವವರ ಕಿವಿಯೇ ಹೊರತು ಪದ್ಯವಲ್ಲ. ಬಹುಕಾಲ ಬಳಕೆಯಲ್ಲಿರುವ ಭಾಷಾಂತರದಲ್ಲಿ ದೇವರು 'ಕುರುಬ'. ಈಚಿನ ಭಾಷಾಂತರವು ಅದನ್ನು 'ಕುರಿಗಾಹಿ'ಯೆಂದು ತಿದ್ದಿತು. ಕುಲವಾಚಕವಾದ ಪದವು ಬೇಡವೆಂಬ ಭಾವನೆ ಸಾಧುವಾದುದೇ. ಆದರೂ ಕಾವ್ಯದ ದೃಷ್ಟಿಯಿಂದ ಇಲ್ಲಿ ನಷ್ಟವಾಗಿದೆ. ಕುರಿಗಾಹಿ ಎಂಬುದು ಕೆಲಸದ ಹೆಸರು. ಕುರುಬನೆಂದರೆ ಹೆಗಲ ಮೇಲೆ ಕಂಬಳಿ ಹೊದ್ದು, ಬೆಳೆ ತೆಗೆದ ಹೊಲದಲ್ಲಿ ಹಿಂಡನ್ನು ತಂಗಿಸಿ, ತೋಳನ ಭಯದಲ್ಲಿ ರಾತ್ರಿಯನ್ನು ಬಯಲಲ್ಲಿಯೇ ಕಳೆಯುವ ಮನುಷ್ಯ. ಕನಕದಾಸರ ಕುಲದವನು, ರಾಯಣ್ಣನ ಕುಲದವನು. ನಂದಗಡದ ಸಮಾಧಿಯನ್ನು ಬಲ್ಲ ಸೀಮೆಯಲ್ಲಿ ದೇವರನ್ನು ಕುರುಬನೆಂದು ಕರೆಯುವದು ಸಣ್ಣ ಮಾತಲ್ಲ. ಆತನ ಕೈಯಲ್ಲಿ ಇರುವದು ಮುರಳಿಯಲ್ಲ, ದೊಣ್ಣೆ. ಕವಿಗೆ ಧೈರ್ಯ ಬರುವದು ಆ ದೊಣ್ಣೆಯನ್ನು ಕಂಡು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದುಂಟು. ಹಸುರುಗಾವಲು, ತಿಳಿನೀರು ಇವುಗಳ ವರ್ಣನೆ ನಡೆಯುವವರೆಗೆ ಕವಿಯು ದೇವರನ್ನು 'ಆತನು' ಎನ್ನುತ್ತಾನೆ. ಕಗ್ಗತ್ತಲೆಯ ಕಣಿವೆಯೊಳಗೆ ಕಾಲಿಟ್ಟ ಕ್ಷಣದಲ್ಲಿಯೇ 'ಆತನು' ಹೋಗಿ 'ನೀನು' ಬರುತ್ತದೆ. ಸುಖದಲ್ಲಿ ಕುರಿತು ಮಾತಾಡಿದವನು ಭಯದಲ್ಲಿ ತಿರುಗಿ ನೋಡಿ ನೇರವಾಗಿ ಮಾತಾಡುತ್ತಾನೆ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಪುರುಷವನ್ನು ಸೂಚಿಸುವದರಿಂದ ಸರ್ವನಾಮವನ್ನು ಬಿಟ್ಟರೂ ಈ ತಿರುವು ಕೇಳಿಸುತ್ತದೆ. ವಚನಕಾರರಿಂದಲೂ ದಾಸರಿಂದಲೂ ದೇವರಿಗೆ ಏಕವಚನವನ್ನು ಸಲ್ಲಿಸಲು ಕಲಿತ ನುಡಿ ಇದು. ಇಲ್ಲಿ 'ನೀನು' ಎಂಬುದರಲ್ಲಿ ಅವಿನಯವಿಲ್ಲ, ಸಲಿಗೆಯಿದೆ. ಬಳಿಕ ಊಟ ಬಡಿಸುವ ಚಿತ್ರ ಬರುತ್ತದೆ: ವೈರಿಗಳು ನೋಡುತ್ತಿರುವಂತೆಯೇ! ವೈರಿಗಳು ಎಲ್ಲಿಯೂ ಹೋಗಿಲ್ಲ. ಈ ಪದ್ಯದ ಶಾಂತಿಯು ಉಪದ್ರವವಿಲ್ಲದ ಊರಿನ ಶಾಂತಿಯಲ್ಲ.

ಹಾಗಾದರೆ ಅದನ್ನು ಶಾಂತಿಯೆಂದೇ ಕರೆಯಬೇಕೆ? ಕನ್ನಡ ಭಾಷಾಂತರಗಳಲ್ಲಿ 'ಶಾಂತಿ', 'ಸಮಾಧಾನ' ಎರಡೂ ದೊರೆಯುತ್ತವೆ. ಶಾಂತಿಯು ಸಂಸ್ಕೃತದ ಗೌರವವುಳ್ಳ ಪದ. ಋಷಿಯ ನೆಲೆಯನ್ನೂ ಗ್ರಹಶಾಂತಿಯ ಹೋಮವನ್ನೂ ಒಟ್ಟಿಗೆ ನೆನಪಿಗೆ ತರುವಂಥದು. ಸಮಾಧಾನವೂ ಸಂಸ್ಕೃತದಿಂದಲೇ ಬಂದುದಾದರೂ ಕನ್ನಡದ ಮನೆಗಳಲ್ಲಿ ಬೆಳೆದು ಬೇರೆಯೇ ಆಗಿದೆ. ಅಳುವ ಮಗುವನ್ನು ತಾಯಿ ಸಮಾಧಾನ ಮಾಡುತ್ತಾಳೆ. ಸತ್ತವರ ಮನೆಗೆ ಹೋಗಿ ನೆಂಟರು ಸಮಾಧಾನ ಹೇಳುತ್ತಾರೆ. ಅದಕ್ಕೆ ಎರಡನೆಯವರೊಬ್ಬರು ಬೇಕು. 42, 43ನೆಯ ಕೀರ್ತನೆಗಳಲ್ಲಿ ಕವಿಯು ಕುಗ್ಗಿದ ತನ್ನ ಮನಸ್ಸನ್ನು ತಾನೇ ಸಂತೈಸಲು ನೋಡುತ್ತಾನೆ, ಅದೂ ಮೂರು ಸಲ. ಒಂದೇ ಸಲಕ್ಕೆ ಕೈಗೂಡಿದ್ದರೆ ಮೂರು ಸಲ ಹೇಳುತ್ತಿರಲಿಲ್ಲ.

ಕನ್ನಡ ಕ್ರೈಸ್ತರ ಆರಾಧನೆಯಲ್ಲಿ ಹಾಡುವ ಗೀತೆಗಳಲ್ಲಿ ಈ ಬಿಕ್ಕಟ್ಟು ಅಷ್ಟಾಗಿ ಉಳಿದಿಲ್ಲ. ಜರ್ಮನ್, ಇಂಗ್ಲಿಷ್ ಗೀತೆಗಳಿಂದ ಇಳಿದು ಆ ದೇಶಗಳ ರಾಗಕ್ಕೇ ಕಟ್ಟಿದ ರಚನೆಗಳು ಹಲವು; ಅವುಗಳಲ್ಲಿ ಸಾಂತ್ವನವು ಬೇಗನೆ ಬಂದುಬಿಡುತ್ತದೆ, ದೂರು ಬಾಗಿಲಲ್ಲಿಯೇ ನಿಲ್ಲುತ್ತದೆ. ಹ್ರಸ್ವದೀರ್ಘಗಳಿಂದಲೇ ಅರ್ಥ ಬದಲಾಗುವ ನುಡಿಯನ್ನು ಪರದೇಶದ ರಾಗಕ್ಕೆ ಎಳೆದರೆ 'ಬಲ'ವು 'ಬಾಲ'ವಾಗುವ ಅಪಾಯವೂ ಇದ್ದೇ ಇದೆ. ಕಿಟ್ಟೆಲರು ಇದನ್ನು ಕಂಡಿದ್ದರು. 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಹಾಡಿದರು, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. ಆ ದಾರಿಯಲ್ಲಿ ನಡೆದವರು ಕಡಮೆ.

ಸುವಾರ್ತೆಗಳಂತೂ ದೂರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಮಾರ್ಕ, ಮತ್ತಾಯರ ಪ್ರಕಾರ ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಹೊರಟ ಕೂಗು 22ನೆಯ ಕೀರ್ತನೆಯ ಮೊದಲ ಮಾತು, ಕೈಬಿಟ್ಟೆಯೇಕೆಂಬ ದೂರು. ಲೂಕನ ಪ್ರಕಾರ ಕೊನೆಯ ಮಾತು 31ನೆಯ ಕೀರ್ತನೆಯದು, ತನ್ನನ್ನು ಒಪ್ಪಿಸಿಕೊಡುವ ಮಾತು. ಕ್ರೈಸ್ತ ಸಭೆಯು ಎರಡನ್ನೂ ಇಟ್ಟುಕೊಂಡಿತು. ಒಂದನ್ನು ಇನ್ನೊಂದರಿಂದ ಅಳಿಸಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು, ಮನೆಮಾತು ಕೊಂಕಣಿಯಾದ ಹಿಂದೂ ಕವಿಗಳು, ಕ್ರಿಸ್ತನ ಮರಣವನ್ನೇ 'ಗೊಲ್ಗೊಥಾ'ದ ವಸ್ತುವಾಗಿ ಆರಿಸಿಕೊಂಡುದನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಕನ್ನಡದ ದೊಡ್ಡ ಕವಿಯೊಬ್ಬನನ್ನು ಆ ಕಥೆಯಲ್ಲಿ ಸೆಳೆದುದು ಪವಾಡಗಳಲ್ಲ, ಆ ಕೊನೆಯ ಗಳಿಗೆಗಳು.

88ನೆಯ ಕೀರ್ತನೆಯನ್ನು ಆರಾಧನೆಗಳಲ್ಲಿ ಆರಿಸಿ ಓದುವವರು ವಿರಳ. ಅದು ಬೆಳಕಿನಲ್ಲಿ ಮುಗಿಯುವದಿಲ್ಲ. ಗೆಳೆಯರು ದೂರವಾಗಿ ಕತ್ತಲೆಯೊಂದೇ ಉಳಿಯಿತೆಂಬಲ್ಲಿ ನಿಂತುಬಿಡುತ್ತದೆ. ಮೊದಲಿನಿಂದ ಕೊನೆಯವರೆಗೂ ಅದು ದೇವರನ್ನು 'ನೀನು' ಎಂದೇ ಮಾತಾಡಿಸುತ್ತದೆ.