ಗೋಡೆಗೊರಗಿ ಎರಡು ನಿಮಿಷ

ಬೆನ್ನನ್ನು ಗೋಡೆಗೆ ಆನಿಸಿ, ಕುರ್ಚಿಯಿಲ್ಲದೆಯೇ ಕುರ್ಚಿಯಲ್ಲಿ ಕೂತಂತೆ ಮೊಣಕಾಲು ಮಡಿಸಿ ಎರಡು ನಿಮಿಷ ಕದಲದೆ ಇರಬೇಕು. ಎದ್ದು ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕೂರಬೇಕು. ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ‘ವಾಲ್ ಸಿಟ್’ ಎನ್ನುವ ಈ ವ್ಯಾಯಾಮ ಬಿಪಿ ಇಳಿಸುವುದರಲ್ಲಿ ನಡಿಗೆಗಿಂತ ಮೇಲು ಎಂದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ಆ ಮಾತು ಎಷ್ಟು ನಿಜ?

ಸುದ್ದಿಯ ಮೂಲ, ಆ ವರ್ಷ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಪ್ರಕಟಿಸಿದ ಒಂದು ವಿಶ್ಲೇಷಣೆ. 270 ಪ್ರಯೋಗಗಳ, 15,827 ಜನರ ಫಲಿತಾಂಶವನ್ನು ಅದು ಒಟ್ಟಿಗಿಟ್ಟು ನೋಡಿತು. ಸ್ನಾಯುವನ್ನು ಬಿಗಿಹಿಡಿದು ಕದಲದೆ ಮಾಡುವ ವ್ಯಾಯಾಮಗಳಿಂದ ಬಿಪಿಯ ಮೇಲಿನ ಅಂಕಿ ಸರಾಸರಿ 8.24, ಕೆಳಗಿನದು 4ರಷ್ಟು ಇಳಿದಿತ್ತು. ನಡಿಗೆ, ಓಟ, ಸೈಕಲ್ ತುಳಿತದಂಥ ಏರೋಬಿಕ್ ವ್ಯಾಯಾಮದಲ್ಲಿ ಈ ಇಳಿಕೆ 4.49 ಮತ್ತು 2.53.

ಇದಕ್ಕೆ ದೇಹದೊಳಗೇ ಕಾರಣವಿದೆ. ಬಿಗಿಯಾದ ತೊಡೆಯ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಅದುಮುತ್ತದೆ. ಎದ್ದ ಕೂಡಲೇ ತಡೆದಿದ್ದ ರಕ್ತ ನುಗ್ಗಿ ಹರಿಯುತ್ತದೆ. ಆ ಹರಿವಿನ ಉಜ್ಜುವಿಕೆಗೆ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಸೂಸುತ್ತದೆ, ನಾಳ ಸಡಿಲಗೊಳ್ಳುತ್ತದೆ. ವಾರಗಟ್ಟಲೆ ಮಾಡಿದರೆ ನಾಳಗಳಿಗೆ ಆ ಸಡಿಲವೇ ರೂಢಿಯಾಗುತ್ತದೆಂದು ತಜ್ಞರು ವಿವರಿಸುತ್ತಾರೆ.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅಂಕಿಯಲ್ಲಿಲ್ಲ, ಗೋಡೆಯಲ್ಲಿದೆ. ಪಾರ್ಕು, ಶೂ, ಜಿಮ್ಮಿನ ಶುಲ್ಕ ಯಾವುದೂ ಬೇಡ. ಬೆಳಗಿನ ತಿಂಡಿ, ಮಕ್ಕಳ ಡಬ್ಬಿಯ ನಡುವೆ ವಾಕಿಂಗಿಗೆ ಹೊರಡಲಾಗದ ಗೃಹಿಣಿಗೆ, ಮಲೆನಾಡಿನ ಮಳೆಗಾಲದಲ್ಲಿ ಅಂಗಳಕ್ಕೂ ಇಳಿಯಲಾಗದ ಹಿರಿಯರಿಗೆ ಅಡುಗೆಮನೆಯ ಗೋಡೆಯೇ ಸಾಕು.

ಆದರೆ ‘ನಡಿಗೆಗಿಂತ ಮೇಲು’ ಎಂಬ ತೀರ್ಪನ್ನು ನಾನು ಒಪ್ಪಲಾರೆ. ಆ ವಿಶ್ಲೇಷಣೆಯ ಹೋಲಿಕೆಗಳಲ್ಲಿ ಹೆಚ್ಚಿನವು ಪರೋಕ್ಷ; ಎರಡೂ ವ್ಯಾಯಾಮಗಳನ್ನು ಎದುರುಬದುರು ನಿಲ್ಲಿಸಿ ಅಳೆದದ್ದು ಕಡಿಮೆ. ಏರೋಬಿಕ್ ವ್ಯಾಯಾಮದ ಬಗ್ಗೆ ಪ್ರಯೋಗಗಳು ಹೇರಳವಾಗಿವೆ, ಕದಲದೆ ಮಾಡುವುದರ ಬಗ್ಗೆ ಕೆಲವೇ ಇವೆ. ಮೇಲಾಗಿ ನಡಿಗೆ ಬಿಪಿಯೊಂದನ್ನೇ ಇಳಿಸುವುದಿಲ್ಲ. ಸಕ್ಕರೆ ಹತೋಟಿಗೆ ಬರುತ್ತದೆ, ನಿದ್ದೆ ಸುಧಾರಿಸುತ್ತದೆ, ದಾರಿಯಲ್ಲಿ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ವಾರಕ್ಕೆ 24 ನಿಮಿಷದ ಗೋಡೆ ವ್ಯಾಯಾಮ ಅಳಿಸಿಹಾಕದು.

ಅಪಾಯಗಳನ್ನೂ ಹೇಳಲೇಬೇಕು. ಬಿಗಿಹಿಡಿದಿರುವಷ್ಟು ಹೊತ್ತು ಬಿಪಿ ಇಳಿಯುವುದಿಲ್ಲ, ಏರುತ್ತದೆ. ತೊಡೆ ನಡುಗತೊಡಗಿದಾಗ ನಮಗರಿವಿಲ್ಲದೆ ಉಸಿರು ಕಟ್ಟುತ್ತೇವೆ. ಆಗ ಅದು ಇನ್ನೂ ಏರುತ್ತದೆ. ಆದ್ದರಿಂದ ಉಸಿರಾಟ ಸರಾಗವಾಗಿರಬೇಕು. ಮೊಣಕಾಲು ನೋವಿದ್ದವರು ತೀರಾ ಕೆಳಗೆ ಕೂರದೆ, ಎತ್ತರದಲ್ಲೇ ಒರಗಿ ಶುರುಮಾಡಬೇಕು. ಬಿಪಿ ತುಂಬಾ ಹೆಚ್ಚಿರುವವರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಇನ್ನು ಮಾತ್ರೆಯ ವಿಚಾರ. 160 ಇದ್ದ ಬಿಪಿ ಎಂಟು ಅಂಕಿ ಇಳಿದರೆ 152. ಅದು ‘ಬಿಪಿ ಹೆಚ್ಚು’ ಎನ್ನುವ 140ರ ಗೆರೆಯ ಮೇಲೆಯೇ ಇದೆ. ‘ವ್ಯಾಯಾಮ ಮಾಡ್ತಿದೀನಲ್ಲ’ ಎಂದು ಮಾತ್ರೆ ಬಿಡುವುದು ಜೀವದ ಜೊತೆ ಜೂಜು.

ನಡೆಯಬಲ್ಲವರು ನಡೆಯಲಿ, ಜೊತೆಗೆ ವಾರಕ್ಕೆ ಮೂರು ದಿನ ಗೋಡೆಗೂ ಒರಗಲಿ. ನಡೆಯಲಾಗದವರು ಮಾತ್ರ ‘ನನ್ನಿಂದ ಏನೂ ಆಗದು’ ಎಂದು ಕೈಚೆಲ್ಲಬೇಕಿಲ್ಲ. ಈ ಸರಳ ವ್ಯಾಯಾಮದ ನಿಜವಾದ ಬೆಲೆ ಅವರಿಗೆ ಗೊತ್ತಾಗುತ್ತದೆ.