ಕೂಲಿ ಕೇಳುವ ಹೀರೊ

ಒಬ್ಬ ಕೂಲಿಯವನು ತನಗೆ ಬರಬೇಕಾದ 200 ಡಾಲರ್ ವಸೂಲಿ ಮಾಡೋದಕ್ಕೆ ಒಂದು ದೇಶದ ದೊರೆಯ ಕೋಟೆಗೇ ನುಗ್ಗುತ್ತಾನೆ. ದೊರೆಯ ಹೆಸರು ಡಾಕ್ಟರ್ ಡೂಮ್. ಮೈಗೆಲ್ಲ ಉಕ್ಕಿನ ಕವಚ, ಮುಖಕ್ಕೆ ಉಕ್ಕಿನ ಮುಖವಾಡ, ಇಡೀ ಲೋಕವನ್ನೇ ಕಾಲಡಿ ಹಾಕಿಕೊಳ್ಳುವ ಹಂಚಿಕೆ. ಕೂಲಿಯವನ ಹೆಸರು ಲೂಕ್ ಕೇಜ್. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕಪ್ಪು ಜನರ ಕೇರಿಯಿಂದ ಬಂದವನು. ಡೂಮ್‌ನ ಯಂತ್ರಮಾನವರು ಯಜಮಾನನಿಂದ ತಪ್ಪಿಸಿಕೊಂಡು, ಕಪ್ಪು ಜನರ ವೇಷ ಹಾಕಿಕೊಂಡು ತಲೆಮರೆಸಿಕೊಂಡಿರುತ್ತವೆ. ಹುಡುಕೋಕೆ ಒಬ್ಬ ಕಪ್ಪು ಆಳೇ ಬೇಕು ಅಂತ ಕೇಜ್‌ನನ್ನು ಗೊತ್ತುಮಾಡಿಕೊಳ್ಳುತ್ತಾನೆ. ಕೆಲಸ ಮುಗಿಯುತ್ತದೆ. ದೊರೆ ದುಡ್ಡು ಕೊಡದೆ ತನ್ನ ದೇಶಕ್ಕೆ ಹೊರಟುಹೋಗುತ್ತಾನೆ. ಕೇಜ್ ಬೇರೆಯವರ ವಿಮಾನ ಕಡ ತಗೊಂಡು ಹಿಂದೆಯೇ ಹೋಗುತ್ತಾನೆ, ಬಡಿದಾಡುತ್ತಾನೆ, ನಡುವೆ ಇನ್ನೊಬ್ಬ ವೈರಿಯ ಕೈಯಿಂದ ಅದೇ ದೊರೆಯ ಜೀವ ಉಳಿಸುತ್ತಾನೆ, ಕೂಲಿ ಈಸಿಕೊಂಡು ಬರುತ್ತಾನೆ.

ಇದು 1973ರ ‘ಹೀರೊ ಫಾರ್ ಹೈರ್’ ಕಾಮಿಕ್ಸಿನ 8 ಮತ್ತು 9ನೇ ಸಂಚಿಕೆಗಳ ಕಥೆ. ಬಲ್ಲವರು ಇದನ್ನು ತಮಾಷೆಗೆ ನೆನಪು ಮಾಡಿಕೊಳ್ಳುತ್ತಾರೆ. ಬರೀ 200 ಡಾಲರಿಗೆ ಇಷ್ಟು ರಂಪವೇ ಅಂತ ನಗು. ದಿನಗೂಲಿ ಬಿಟ್ಟುಕೊಡಬೇಕಾಗಿ ಬಂದವರ ಮನೆಯಲ್ಲಿ ಹುಟ್ಟಿದವರಿಗೆ ಇದರಲ್ಲಿ ನಗೋದಕ್ಕೆ ಏನೂ ಕಾಣದು. ನನಗಂತೂ ಕಾಣಲಿಲ್ಲ.

ಇತ್ತೀಚೆಗೆ ಕೆಲವು ತಿಂಗಳು ಹಳೆಯವು ಹೊಸವು ಸೇರಿ ಇಂಥ ಅತಿಮಾನುಷರ, ಮಾಯಾಲೋಕದ ಕಾಮಿಕ್ಸುಗಳನ್ನು ಓದುತ್ತಾ ಬಂದೆ. ಗೆಳೆಯರು ಕೆಲವರು ಬೈದರು. ಅಮೆರಿಕದ ಬಂಡವಾಳಶಾಹಿ ಹುಟ್ಟುಹಾಕಿದ ಕಸ, ಇದಕ್ಕೆ ಯಾಕೆ ಕಣ್ಣು ಹಾಳು ಮಾಡಿಕೊಳ್ತೀಯ ಅಂದರು. ಕಸ ಬೇಕಾದಷ್ಟಿದೆ, ಸುಳ್ಳಲ್ಲ. ಆದರೆ ನಮ್ಮ ಹಾಸ್ಟೆಲ್ ಹುಡುಗರು ಈ ವೀರರ ಚಿತ್ರವಿರುವ ಅಂಗಿ ತೊಟ್ಟು ಓಡಾಡುತ್ತಿದ್ದಾರೆ. ಮೇಷ್ಟ್ರುಗಳಾದ ನೀವು ಅದನ್ನು ದಿನಾ ನೋಡುತ್ತೀರಿ. ಅಂಗಿಯ ಮೇಲೆ ಇರುವವನು ಯಾರು, ಅವನ ಮೈಗೆ ಆ ಬಲ ಎಲ್ಲಿಂದ ಬಂತು ಅಂತ ಒಂದು ಸಲ ಕೇಳಿಕೊಂಡರೆ ನಷ್ಟವೇನೂ ಇಲ್ಲ.

ಬಲ ಎಲ್ಲಿಂದ ಬಂತು ಅನ್ನುವುದೇ ನನ್ನ ಪ್ರಶ್ನೆ. ಸೂಪರ್‌ಮ್ಯಾನ್‌ಗೆ ಅದು ಹುಟ್ಟಿನಿಂದ ಬಂದದ್ದು. ಬೇರೆ ಗ್ರಹದ ಘನವಂತ ಮನೆತನದ ಕೂಸು, ಭೂಮಿಗೆ ಬಿದ್ದ ಮಾತ್ರಕ್ಕೆ ಎಲ್ಲರಿಗಿಂತ ಮೇಲು. ಹುಟ್ಟಿನಿಂದಲೇ ಮೇಲು ಅನ್ನುವ ಮಾತನ್ನು ನಮ್ಮ ಜನ ಸಾವಿರಾರು ವರ್ಷದಿಂದ ಕೇಳಿದ್ದಾರೆ, ಯಾವ ಗ್ರಹದಿಂದ ಬಂದರೂ ಅದು ಅದೇ ಮಾತು. ಆದರೂ 1938ರ ಮೊದಲ ಸಂಚಿಕೆಗಳನ್ನು ಓದಿ ನೋಡಿ. ಆಗಿನ ಸೂಪರ್‌ಮ್ಯಾನ್ ಹೆಂಡತಿಗೆ ಹೊಡೆಯುವವನನ್ನು ಹಿಡಿದು ಬಡಿಯುತ್ತಾನೆ. ಕಾರ್ಮಿಕರ ಜೀವಕ್ಕೆ ಬೆಲೆ ಕೊಡದ ಗಣಿ ಧಣಿಯನ್ನು ಅವನದೇ ಗಣಿಯೊಳಗೆ ಸಿಕ್ಕಿಸಿ ಬುದ್ಧಿ ಕಲಿಸುತ್ತಾನೆ. 1939ರ ಆರಂಭದ ಒಂದು ಕಥೆಯಲ್ಲಿ ಕೊಳೆಗೇರಿಯನ್ನು ತಾನೇ ಕೆಡವಿ, ಸರ್ಕಾರ ಬಡವರಿಗೆ ಹೊಸ ಮನೆ ಕಟ್ಟಲೇಬೇಕಾದ ಹಾಗೆ ಮಾಡುತ್ತಾನೆ. ಮುಂದೆ ಈ ಮನುಷ್ಯ ಬ್ಯಾಂಕು ಕಾಯುವ ಕಾವಲುಗಾರನಾದ. ಯಾಕೆ ಹಾಗಾಯಿತು ಅನ್ನೋದಕ್ಕೆ ಅವನನ್ನು ಹುಟ್ಟಿಸಿದವರ ಕಥೆಯನ್ನೇ ನೋಡಬೇಕು.

ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬದ ಹುಡುಗರು. 1938ರ ಮಾರ್ಚಿಯಲ್ಲಿ 130 ಡಾಲರಿಗೆ ಸೂಪರ್‌ಮ್ಯಾನ್‌ನ ಎಲ್ಲ ಹಕ್ಕನ್ನೂ ಬರೆದುಕೊಟ್ಟರು. ಕಂಪನಿ ಕೋಟಿಗಟ್ಟಲೆ ಗಳಿಸಿತು. ಇವರು 1947ರಲ್ಲಿ ಕೋರ್ಟಿಗೆ ಹೋದ ಮೇಲೆ ಕಥೆಯ ಮೇಲಿಂದ ಇವರ ಹೆಸರೇ ಹೋಯಿತು. ಶುಸ್ಟರನ ಕಣ್ಣು ಮಂಜಾಗುತ್ತಾ ಬಂತು. 1975ರಲ್ಲಿ, ಸಿನಿಮಾ ತೆಗೆಯುವ ಹೊತ್ತಿಗೆ ಊರೆಲ್ಲ ಛೀ ಅಂದಾಗ, ತಲಾ ವರ್ಷಕ್ಕೆ 20,000 ಡಾಲರ್ ಮಾಸಾಶನ ಗೊತ್ತಾಯಿತು, ಹೆಸರು ಮತ್ತೆ ಬಂತು. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕಿನ ಹಾಳೆ ಇದೆಯಲ್ಲ, ಅದು 2012ರಲ್ಲಿ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ದುಡಿದವನ ಕೂಲಿಗಿಂತ ಕೂಲಿ ಕೊಟ್ಟ ಚೀಟಿಗೆ ಬೆಲೆ ಜಾಸ್ತಿ. ಕಾಮಿಕ್ಸ್ ಉದ್ಯಮವನ್ನು ಅರ್ಥಮಾಡಿಕೊಳ್ಳಲು ನನಗೆ ಬೇರೆ ಪುಸ್ತಕ ಬೇಕಾಗಲಿಲ್ಲ.

ಎಕ್ಸ್-ಮೆನ್ ಬಗ್ಗೆ ಎರಡು ಮಾತು ಸಾಕು. ಇದು ತುಳಿತಕ್ಕೊಳಗಾದವರ ಕಥೆ ಅಂತ ಓದಿದವರೆಲ್ಲ ಹೇಳುತ್ತಾರೆ. 1963ರಲ್ಲಿ ಶುರುವಾದಾಗ ಐದೂ ಜನ ಬಿಳಿಯರು, ಒಬ್ಬ ಶ್ರೀಮಂತ ಪ್ರೊಫೆಸರನ ಬಂಗಲೆಯಲ್ಲಿ ಓದುವವರು. ಲೋಕ ಅವರಿಗೆ ಹೆದರುವುದು ಅವರ ಕಣ್ಣಿನಿಂದ ಬೆಂಕಿ ಬರುತ್ತದೆ ಅಂತ. ನಮ್ಮವರನ್ನು ಬಾವಿಯಿಂದ ದೂರ ಇಟ್ಟವರಿಗೆ ನಮ್ಮ ಕಣ್ಣಿನ ಬೆಂಕಿಯ ಭಯ ಇರಲಿಲ್ಲ. ನಮ್ಮ ದುಡಿಮೆ ಪುಕ್ಕಟೆ ಬೇಕಿತ್ತು. ಆ ಲೆಕ್ಕ ಈ ಕಥೆಗಳಲ್ಲಿ ಬರುವುದೇ ಅಪರೂಪ. 1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ ಮಾತ್ರ ಬೇರೆ. ಶಾಲೆಯ ಆಟದ ಬಯಲಲ್ಲಿ ಎರಡು ಕಪ್ಪು ಮಕ್ಕಳನ್ನು ಕೊಂದು ಜೋಕಾಲಿಗೆ ತೂಗುಹಾಕುವ ಮೊದಲ ಪುಟಗಳನ್ನು ಮರೆಯೋದು ಕಷ್ಟ.

ಈಗ ‘ಟ್ರೂತ್: ರೆಡ್, ವೈಟ್ ಅಂಡ್ ಬ್ಲ್ಯಾಕ್’. 2003ರಲ್ಲಿ ಏಳು ಸಂಚಿಕೆಯಾಗಿ ಬಂದದ್ದು. ಬರೆದವನು ರಾಬರ್ಟ್ ಮೊರಾಲೆಸ್, ಚಿತ್ರ ಕೈಲ್ ಬೇಕರ್. ನಾನು ಓದಿದ್ದರಲ್ಲೆಲ್ಲ ನನ್ನ ನಿದ್ದೆ ಕೆಡಿಸಿದ ಪುಸ್ತಕ ಇದೊಂದೇ.

ಕ್ಯಾಪ್ಟನ್ ಅಮೆರಿಕ ಯಾರು ಅಂತ ಹುಡುಗರನ್ನು ಕೇಳಿದರೆ ಹೇಳುತ್ತಾರೆ. ಬಡಕಲು ಬಿಳಿ ಹುಡುಗನಿಗೆ ಸರ್ಕಾರ ಒಂದು ಮದ್ದು ಚುಚ್ಚಿತು, ಮಹಾವೀರನಾದ, ಹಿಟ್ಲರನ ದವಡೆಗೆ ಗುದ್ದಿದ. 1941ರಿಂದಲೂ ಇದೇ ಪುರಾಣ. ಮೊರಾಲೆಸ್ ಕೇಳುವುದು ಒಂದು ಸಣ್ಣ ಪ್ರಶ್ನೆ: ಮದ್ದನ್ನು ಹದಕ್ಕೆ ತರೋದಕ್ಕೆ ಯಾರ ಮೈ ಬಳಸಿದರು? ಉತ್ತರ, ಕಪ್ಪು ಸೈನಿಕರ ಮೈ. ಸೈನ್ಯದ ಶಿಬಿರದಿಂದ ಮುನ್ನೂರು ಜನರನ್ನು ಗುಟ್ಟಾಗಿ ಒಯ್ಯುತ್ತಾರೆ. ಮನೆಯವರಿಗೆ ಸತ್ತರು ಅಂತ ಸುದ್ದಿ. ಮದ್ದು ಏರಿದವರ ಮೈ ಊದುತ್ತದೆ, ಕೆಲವರದು ಒಡೆದೇ ಹೋಗುತ್ತದೆ. ಉಳಿದವರು ಕೈಬೆರಳಲ್ಲಿ ಎಣಿಸುವಷ್ಟು. ಕೊನೆಗೆ ಉಳಿಯುವವನು ಐಸಾಯ ಬ್ರಾಡ್ಲಿ ಒಬ್ಬನೇ. ನಾಜಿಗಳು ಇಂಥದ್ದೇ ಪ್ರಯೋಗ ನಡೆಸುತ್ತಿದ್ದ ಸೆರೆಶಿಬಿರಕ್ಕೆ ಅವನನ್ನು ಸಾಯಲು ಕಳಿಸುತ್ತಾರೆ. ಹೋಗುವಾಗ ಅವನು ಕ್ಯಾಪ್ಟನ್ ಅಮೆರಿಕನ ಅಂಗಿ ಕದ್ದು ತೊಟ್ಟುಕೊಂಡು ಹೋಗುತ್ತಾನೆ. ಬದುಕಿ ಬಂದ ಮೇಲೆ ಸಿಕ್ಕ ಬಹುಮಾನ ಮಿಲಿಟರಿ ಕೋರ್ಟು ಮತ್ತು ಜೈಲು. ಯಾವ ಅಪರಾಧ? ಆ ಅಂಗಿ ತೊಟ್ಟದ್ದು. ಹದಿನೇಳು ವರ್ಷ ಒಂಟಿ ಕೋಣೆ. ಮದ್ದಿನ ವಿಷ ನಿಧಾನವಾಗಿ ಮಿದುಳು ತಿಂದು ಅವನು ಮಗುವಿನಂತಾಗುತ್ತಾನೆ.

ಉಡುಪು ತೊಟ್ಟ ತಪ್ಪಿಗೆ ಶಿಕ್ಷೆ ಅನ್ನೋದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆ ಬಟ್ಟೆ ಹಾಕಿದ್ದಕ್ಕೆ, ಕಾಲಿಗೆ ಮೆಟ್ಟು ಮೆಟ್ಟಿದ್ದಕ್ಕೆ, ಮದುವೆಯಲ್ಲಿ ಕುದುರೆ ಏರಿದ್ದಕ್ಕೆ ಏಟು ತಿಂದವರ ಸುದ್ದಿ ಈ ದೇಶದಲ್ಲಿ ಇವತ್ತಿಗೂ ನಿಂತಿಲ್ಲ.

ಮೊರಾಲೆಸ್ ಇದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸರ್ಕಾರದ ವೈದ್ಯರೇ ಸುಮಾರು 600 ಬಡ ಕಪ್ಪು ಗಂಡಸರನ್ನು ಪ್ರಯೋಗಕ್ಕೆ ಇಟ್ಟುಕೊಂಡಿದ್ದರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ರೋಗ. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಕೊಡಲಿಲ್ಲ. ರೋಗ ಮನುಷ್ಯನನ್ನು ಹೇಗೆ ತಿನ್ನುತ್ತದೆ ಅಂತ ನೋಡುತ್ತಾ ಕೂತರು. ರಾಷ್ಟ್ರಾಧ್ಯಕ್ಷರ ಬಾಯಿಂದ ಕ್ಷಮೆಯ ಮಾತು ಬಂದದ್ದು 1997ರಲ್ಲಿ. ಇದು ಚರಿತ್ರೆ. ಕಾಮಿಕ್ಸ್ ಇದಕ್ಕೆ ಮುಖವಾಡದ ವೀರನನ್ನು ಜೋಡಿಸಿತು, ಅಷ್ಟೆ.

ಬೇಕರನ ಚಿತ್ರ ಹಲವರಿಗೆ ಹಿಡಿಸಲಿಲ್ಲ. ವ್ಯಂಗ್ಯಚಿತ್ರದ ಹಾಗೆ ದಪ್ಪ ಗೆರೆ, ಊದಿದ ಮುಖ, ಗಂಭೀರ ವಿಷಯಕ್ಕೆ ಇದು ಸಲ್ಲದು ಅಂದರು. ನನಗೆ ಅದೇ ಸರಿ ಅನ್ನಿಸಿತು. ಅಂದವಾಗಿ ಬರೆದಿದ್ದರೆ ಆ ಮೈಗಳನ್ನು ನೋಡಿ ಮೆಚ್ಚಿಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆವು. ನನ್ನ ತಕರಾರು ಕೊನೆಯ ಸಂಚಿಕೆಯ ಬಗ್ಗೆ. ಅಲ್ಲಿ ಬಿಳಿಯ ಕ್ಯಾಪ್ಟನ್ ಬಂದು, ನಿಜ ತಿಳಿದು, ಹರಿದ ಅಂಗಿಯನ್ನು ಐಸಾಯನಿಗೆ ವಾಪಸು ಕೊಡುತ್ತಾನೆ. ಐಸಾಯ ನಗುತ್ತಾನೆ. ಅವನು ಮಾತಾಡಲಾರದ ಸ್ಥಿತಿಯಲ್ಲಿದ್ದಾನೆ ಅನ್ನೋದು ಕಥೆಗೆ ಬಹಳ ಅನುಕೂಲವಾಯಿತು. ಮಾತಾಡುವ ಹಾಗಿದ್ದರೆ ಏನನ್ನುತ್ತಿದ್ದನೋ? ಮಾತೆಲ್ಲ ಹೆಂಡತಿ ಫೇತ್ ಪಾಲಿಗೆ ಬಂದಿದೆ, ಮತ್ತು ಈ ಪುಸ್ತಕದ ನಿಜವಾದ ಎದೆಗಾರಿಕೆ ಆಕೆಯದು. ಮನೆಯ ಗೋಡೆಯ ಮೇಲೆ ಮಾಲ್ಕಮ್ ಎಕ್ಸ್, ಮಹಮ್ಮದ್ ಅಲಿಯಂಥವರ ಜೊತೆ ಐಸಾಯನ ಫೋಟೋಗಳು. ಸರ್ಕಾರ ಮುಚ್ಚಿಟ್ಟದ್ದನ್ನು ಕೇರಿ ಅಷ್ಟೂ ವರ್ಷ ಬಲ್ಲದಾಗಿತ್ತು.

ಮಾಯಾಲೋಕದ ಕಥೆಗಳಲ್ಲಿ ‘ಮಾನ್‌ಸ್ಟ್ರೆಸ್’ ಓದಿದೆ. 2015ರಲ್ಲಿ ಶುರುವಾದದ್ದು. ಬರೆದಾಕೆ ಮಾರ್ಜರಿ ಲಿಯು, ಚಿತ್ರ ಜಪಾನಿನ ಸಾನಾ ತಕೆಡಾ. ಮೊದಲ ಪುಟದಲ್ಲೇ ಒಂದು ಕೈ ಇಲ್ಲದ ಹುಡುಗಿ, ಕುತ್ತಿಗೆಗೆ ಪಟ್ಟಿ, ಮೈಮೇಲೆ ಬಟ್ಟೆ ಇಲ್ಲ, ಹರಾಜು ನಡೆಯುತ್ತಿದೆ. ಆ ಲೋಕದಲ್ಲಿ ಸನ್ಯಾಸಿನಿಯರ ಒಂದು ಪೀಠ. ಅರ್ಧ ಮನುಷ್ಯ ಅರ್ಧ ಪ್ರಾಣಿಯಂತಿರುವ ಕೀಳು ಕುಲದವರನ್ನು ಹಿಡಿದು ತಂದು ಕಡಿದು, ಅವರ ದೇಹದಿಂದ ಒಂದು ದ್ರವ್ಯ ಇಳಿಸುತ್ತಾರೆ. ಉಳ್ಳವರಿಗೆ ಅದೇ ಔಷಧಿ, ಅದೇ ಶಕ್ತಿ. ಮುಟ್ಟಿದರೆ ಮೈಲಿಗೆಯಾಗುವ ಮೈ ಅರೆದು ಕುಡಿಯಲು ಮಡಿ! ಪೌರೋಹಿತ್ಯವನ್ನು ಇಷ್ಟು ಸರಿಯಾಗಿ ಹಿಡಿದ ಮಾಯಾಕಥೆ ನಾನು ಬೇರೆ ಓದಿಲ್ಲ. ಆದರೆ ಎರಡು ಬೇಸರ. ಚಿತ್ರಗಳು ಎಷ್ಟು ಸೊಗಸು ಅಂದರೆ ಕ್ರೌರ್ಯವೂ ಜರತಾರಿ ಸೀರೆ ಉಟ್ಟುಕೊಂಡು ಬರುತ್ತದೆ. ಎರಡನೆಯದು ದೊಡ್ಡದು. ಹರಾಜಿಗೆ ನಿಂತ ಆ ಮೈಕಾ ಎಂಬ ಹುಡುಗಿ ಹೋಗ್ತಾ ಹೋಗ್ತಾ ಹಳೆಯ ಸಾಮ್ರಾಜ್ಞಿಯ ವಂಶದವಳು ಅಂತ ಗೊತ್ತಾಗುತ್ತದೆ. ಅಜ್ಜಿಯೂ ರಾಣಿ. ಹೋಯಿತು, ಮತ್ತೆ ಹುಟ್ಟೇ ಗೆದ್ದಿತು. ದನ ಕಾಯುವ ಹುಡುಗ ಕೊನೆಗೆ ರಾಜಕುಮಾರ ಅಂತ ಗೊತ್ತಾಗುವ ಕಥೆಗಳನ್ನು ಅಜ್ಜಿಯರೂ ಹೇಳಿದ್ದಾರೆ, ಸಿನಿಮಾದವರೂ ತೋರಿಸಿದ್ದಾರೆ. ಬರೀ ಜೀತದವಳಾಗಿದ್ದರೆ ಅವಳ ಸಿಟ್ಟಿಗೆ ಏನು ಕಮ್ಮಿಯಾಗುತ್ತಿತ್ತು?

ಕಡೆಗೆ ಬ್ಲ್ಯಾಕ್ ಪ್ಯಾಂಥರ್. ಈ ಹೆಸರು ನಮಗೆ ಹತ್ತಿರದ್ದು. ಅಲಬಾಮಾದ ಲೌಂಡ್ಸ್ ಎಂಬ ಜಿಲ್ಲೆಯಲ್ಲಿ 1965-66ರಲ್ಲಿ ಕಪ್ಪು ಜನ ಕಟ್ಟಿದ ಪಕ್ಷದ ಗುರುತು ಕರಿ ಚಿರತೆ. ಓದು ಬಾರದ ಮತದಾರರಿಗೆ ಗುರುತು ಬೇಕಿತ್ತು. ಅದರಿಂದ 1966ರ ಅಕ್ಟೋಬರಿನಲ್ಲಿ ಓಕ್ಲಂಡಿನ ಬ್ಲ್ಯಾಕ್ ಪ್ಯಾಂಥರ್ ಪಕ್ಷ, ಅದರಿಂದ 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್. ಕಾಮಿಕ್ಸಿನ ರಾಜ ಟಿ’ಚಲ್ಲ ಬಂದದ್ದೂ 1966ರ ಜುಲೈ ಸಂಚಿಕೆಯಲ್ಲಿ, ಓಕ್ಲಂಡಿನ ಪಕ್ಷಕ್ಕಿಂತ ಮೂರು ತಿಂಗಳು ಮುಂಚೆ. ಆದರೆ 1972ರ ಫೆಬ್ರವರಿ ಸಂಚಿಕೆಯಲ್ಲಿ ಏನಾಯಿತು ಗೊತ್ತೆ? ಆ ಹೆಸರಿಗೆ ರಾಜಕೀಯದ ವಾಸನೆ ಅಂಟಿದೆ ಅಂತ ನಮ್ಮ ರಾಜ ‘ಬ್ಲ್ಯಾಕ್ ಲೆಪರ್ಡ್’ ಆದ! ಬೊಂಬಾಯಿಯ ಕೇರಿಯ ಹುಡುಗರು ಎದೆಯುಬ್ಬಿಸಿ ಆ ಹೆಸರು ಎತ್ತಿಕೊಂಡ ವರ್ಷವೇ ರಾಜ ಅದನ್ನು ಕೆಳಗಿಟ್ಟ. ಕೆಲವೇ ತಿಂಗಳಲ್ಲಿ ಹಳೇ ಹೆಸರು ವಾಪಸು ಬಂತು ಅನ್ನಿ.

2016ರಲ್ಲಿ ಟಾ-ನೆಹಿಸಿ ಕೋಟ್ಸ್ ಬರೆದ ಕಂತುಗಳು ಈ ರಾಜನನ್ನು ಪ್ರಜೆಗಳ ಎದುರು ನಿಲ್ಲಿಸುತ್ತವೆ. ಮೊದಲ ಪುಟಗಳಲ್ಲೇ ಗಣಿ ಕಾರ್ಮಿಕರು ದಂಗೆ ಏಳುತ್ತಾರೆ, ರಾಜನ ಸೈನಿಕರು ಗುಂಡು ಹಾರಿಸುತ್ತಾರೆ. ವಕಾಂಡದ ಅಷ್ಟು ವೈಭವಕ್ಕೂ ಮೂಲ ಆ ಗಣಿಯ ಲೋಹ. ಅಗೆಯುವವರು ಯಾರು ಅಂತ ತೋರಿಸಿದ್ದಕ್ಕೆ ಕೋಟ್ಸ್‌ಗೆ ನನ್ನ ನಮಸ್ಕಾರ. ಹೆಂಗಸರ ಮೇಲೆ ಕೈಹಾಕಿದ ಊರ ಯಜಮಾನನನ್ನು ಕೊಂದ ಅನೇಕಾ, ಅವಳನ್ನು ಗಲ್ಲಿನಿಂದ ಬಿಡಿಸುವ ಅಯೋ, ಇಬ್ಬರೂ ಚೆನ್ನಾಗಿ ಮೂಡಿದ್ದಾರೆ. ಚಂಗಮಿರೆ ಎಂಬ ಮುದಿ ಮೇಷ್ಟ್ರಂತೂ ಇನ್ನೂ ಚೆನ್ನ. ಅವನ ಶಿಷ್ಯನೇ ಹಿಂಸೆಯ ದಾರಿ ಹಿಡಿದಾಗ ಅವನ ಸಂಕಟ ಪಾಠ ಹೇಳುವ ಎಲ್ಲರಿಗೂ ತಟ್ಟುತ್ತದೆ. ಆದರೆ ಕಥೆ ನಿಲ್ಲುವುದು ರಾಜನ ಮನಃಪರಿವರ್ತನೆಯಲ್ಲಿ. ಅವನು ದೊಡ್ಡ ಮನಸ್ಸು ಮಾಡಿ ಸಂವಿಧಾನಕ್ಕೆ ಒಪ್ಪುತ್ತಾನೆ. ಗಣಿಯವರ ಕೂಲಿಯ ಮಾತು ಆ ಸಭೆಯಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಇವುಗಳಲ್ಲಿ ಯಾವುದು ಕನ್ನಡಕ್ಕೆ ಬರಬೇಕು ಅಂತ ಕೇಳುವವರಿಗೆ ಒಂದು ಮಾತು. ಕನ್ನಡಕ್ಕೆ ಚಿತ್ರಕಥೆ ಹೊಸದಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಆ ಮೊದಲ ಹತ್ತು ಪುಸ್ತಕ ಹೊರದೇಶದ ಕಿನ್ನರಿ ಕಥೆಗಳು. ಅದಕ್ಕೇ ಇಂಗ್ಲಿಷಿನ ‘ಕೃಷ್ಣ’ಕ್ಕೆ 11ನೇ ನಂಬರು. ಸಿಂಡ್ರೆಲಾ ಕನ್ನಡ ಮಾತಾಡಿದ ಮೇಲೆ ಐಸಾಯನ ಹೆಂಡತಿಯೂ ಮಾತಾಡಬಹುದು. ಮೊದಲು ‘ಟ್ರೂತ್’ ಬರಲಿ. ಆಮೇಲೆ ಕೇಜ್‌ನ ಆ ಎರಡು ಸಂಚಿಕೆ. ಅವನ ಮಾತನ್ನು ಬರೆದವರು ಬಿಳಿಯರು, ಕೇರಿಯ ಭಾಷೆ ಅಂತ ಅವರು ಬಾಯಿಗೆ ತುರುಕಿದ್ದು ನಮ್ಮ ಸಿನಿಮಾದ ಹಳ್ಳಿಯವರ ಭಾಷೆಯಷ್ಟೇ ಕೃತಕ. ಅನುವಾದಕರು ಅದನ್ನು ಧಾರಾಳವಾಗಿ ಬಿಟ್ಟು ಕೋಲಾರದ್ದೋ ರಾಯಚೂರಿನದ್ದೋ ನಿಜವಾದ ಮಾತು ಹಾಕಲಿ. ಶೀರ್ಷಿಕೆಯೇ ತೊಡಕು. ‘ಬಾಡಿಗೆ ವೀರ’ ಅಂದರೆ ಧಣಿಗಳು ಸಾಕುವ ಗೂಂಡಾ ಕಣ್ಣಮುಂದೆ ಬರುತ್ತಾನೆ. ‘ಕೂಲಿ ವೀರ’ ಅಂದರೆ ಸಿನಿಮಾ ಪೋಸ್ಟರು. ‘ಕೂಲಿಗೆ ಬರುವವನು’ ಅಂತ ಬರೆದು ನೋಡಿದ್ದೇನೆ, ಇನ್ನೂ ಒಳ್ಳೆಯದು ಹೊಳೆದವರು ಪತ್ರಿಕೆಗೆ ಒಂದು ಕಾರ್ಡು ಹಾಕಿ.